ಸ್ಟ್ರೈಕ್ ಮಾಡಿದವರಿಗೆಲ್ಲ ‘ಫಾರಿನ್ ದುಡ್ಡು’ ಬರುತ್ತಾ? ಕಾನೂನು ಹೇಳೋದೇ ಬೇರೆ

ಕಾರ್ಮಿಕರು ಧರಣಿ ಕೂತರೆ ಸಾಕು, ‘ಇವರಿಗೆ ಫಾರಿನ್ ದುಡ್ಡು ಬರುತ್ತೆ ಬಿಡ್ರಿ’ ಅನ್ನೋ ಮಾತು ಅಂಗಡಿ ಕಟ್ಟೆಗಳಲ್ಲಿ ಕೇಳಿಬರುತ್ತೆ. ಆದರೆ ಹಾಗೆ ದುಡ್ಡು ತರೋದು ಅಷ್ಟು ಸುಲಭ ಅಲ್ಲ.

ಇದನ್ನು ನೋಡಿಕೊಳ್ಳೋದು 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ, ಅಂದರೆ ಎಫ್‌ಸಿಆರ್‌ಎ. ಇದರ ಪ್ರಕಾರ ರಾಜಕೀಯ ಪಕ್ಷಗಳು ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. ‘ರಾಜಕೀಯ ಸ್ವರೂಪದ ಸಂಘಟನೆ’ ಎಂದು ಕೇಂದ್ರ ಸರ್ಕಾರ ಘೋಷಿಸಿದ ಸಂಘಗಳಿಗೂ ಅದೇ ನಿಷೇಧ. ಉಳಿದ ಸಂಘಗಳು ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಮಾಡಿಸಬೇಕು, ಇಲ್ಲವೇ ಮೊದಲೇ ಅನುಮತಿ ಪಡೆಯಬೇಕು. ತಪ್ಪಿದರೆ 5 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ.

2011ರ ನಿಯಮಗಳು ರಾಜಕೀಯ ಗುರಿ ಇಟ್ಟುಕೊಂಡ ಟ್ರೇಡ್ ಯೂನಿಯನ್‌ಗಳನ್ನು, ಪಕ್ಷಗಳ ಕಾರ್ಮಿಕ ಘಟಕಗಳನ್ನು ಈ ಪಟ್ಟಿಗೆ ಸೇರಿಸಿದವು. ಅಷ್ಟೇ ಅಲ್ಲ, ಪದೇ ಪದೇ ಬಂದ್, ಹರತಾಳ, ರಸ್ತೆ ತಡೆ, ರೈಲು ತಡೆ, ಜೈಲ್ ಭರೋ ಮಾಡುವ ಸಂಘಟನೆಗಳೂ ಸೇರಿದವು. ‘ಇನ್ಸಾಫ್’ ಎಂಬ ಸಂಸ್ಥೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

2020ರ ಮಾರ್ಚ್ 6ರಂದು ಬಂದ ತೀರ್ಪು ಗೆರೆ ಎಳೆಯಿತು: ಸಾರ್ವಜನಿಕ ಉದ್ದೇಶಕ್ಕೆ ಬಂದ್ ಬೆಂಬಲಿಸಿದ ಮಾತ್ರಕ್ಕೆ ರಾಜಕೀಯ ಸಂಘಟನೆ ಆಗಲ್ಲ, ಸಕ್ರಿಯ ರಾಜಕಾರಣ ಅಥವಾ ಪಕ್ಷ ರಾಜಕಾರಣದ ನಂಟು ಇರಬೇಕು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ನಿಯಮವನ್ನೂ ಅದಕ್ಕೆ ತಕ್ಕಂತೆ ತಿದ್ದಿತು.

ಹಾಗಂತ ಬಾಗಿಲು ತೆರೆದಿದೆ ಅಂದುಕೊಳ್ಳಬೇಡಿ. 2020ರಲ್ಲೇ ಆದ ಕಾಯ್ದೆ ತಿದ್ದುಪಡಿ ಪ್ರಕಾರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನ್ನ ವಿದೇಶಿ ದೇಣಿಗೆಯಲ್ಲಿ ಒಂದು ಪಾಲನ್ನು ತಾಲ್ಲೂಕಿನ ಸಂಘಕ್ಕೆ ಕೊಡೋ ದಾರಿ ಮುಚ್ಚಿದೆ. ದುಡ್ಡು ಮೊದಲು ಬರಬೇಕಾದ್ದೂ ಎಸ್‌ಬಿಐ ದೆಹಲಿ ಮುಖ್ಯ ಶಾಖೆಯ ಖಾತೆಗೇ.

ನಮ್ಮೂರಿನವರು ತಿಳಿದಿರಬೇಕಾದ್ದು ಇನ್ನೊಂದಿದೆ. ದುಬೈನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಸಂಘಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ನೆಂಟರು ಕೊಟ್ಟರೆ, ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿ ದೇಣಿಗೆಯೇ. ಎಣಿಕೆಗೆ ಬರೋದು ನೋಟಿನ ಬಣ್ಣ ಅಲ್ಲ, ಕೊಟ್ಟವರ ಪೌರತ್ವ.

ತೊಡಕು ಉಳಿದಿರೋದು ಒಂದು ಕಡೆ. ನಮ್ಮಲ್ಲಿ ಇಂಟಕ್, ಸಿಐಟಿಯುನಂಥ ದೊಡ್ಡ ಯೂನಿಯನ್‌ಗಳಿಗೆ ಪಕ್ಷಗಳ ಜೊತೆ ಹಳೇ ನಂಟು. ಕನಿಷ್ಠ ಕೂಲಿ ಕೇಳೋದು ಎಲ್ಲಿ ಮುಗಿಯುತ್ತೆ, ರಾಜಕಾರಣ ಎಲ್ಲಿ ಶುರುವಾಗುತ್ತೆ ಅಂತ ಮೊದಲು ತೀರ್ಮಾನಿಸೋದು ಕೇಂದ್ರ ಸರ್ಕಾರ. ನೋಟಿಸ್ ಕೊಟ್ಟು, ಕಾರಣ ತಿಳಿಸಿ, ಸಂಘದ ಮಾತು ಕೇಳಬೇಕು ಅಂತ ಕಾಯ್ದೆಯಲ್ಲಿದೆ. ಆದರೂ ಸರ್ಕಾರದ ವಿರುದ್ಧವೇ ಧರಣಿ ಕೂತವರಿಗೆ ಇದು ಸಣ್ಣ ಭಯವೇನಲ್ಲ.

ಸಂಘಗಳಿಗೆ ಗಟ್ಟಿ ರಕ್ಷಣೆ ಅಂದರೆ ಸದಸ್ಯರ ಚಂದಾ, ರಸೀದಿ, ವರ್ಷಕ್ಕೊಮ್ಮೆ ಎಲ್ಲರ ಮುಂದಿಡುವ ಲೆಕ್ಕಪತ್ರ. ಅನುಮಾನ ಇದ್ದವರು ಆ ಲೆಕ್ಕ ಕೇಳಲಿ. ಲೆಕ್ಕ ನೋಡದೆ ‘ಫಾರಿನ್ ದುಡ್ಡು’ ಅನ್ನೋದು, ಜೈಲು ಶಿಕ್ಷೆ ಇರುವ ಅಪರಾಧವನ್ನು ಸುಮ್ಮನೆ ಇನ್ನೊಬ್ಬರ ತಲೆಗೆ ಕಟ್ಟಿದಂತೆ.