ಜೆಟ್ಟಿಗೆ ಪಿನ್ನು ಚುಚ್ಚಬೇಡಿ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿಗಳು ಇನ್ನೂ ಓಡ್ತಿವೆ. ಅಂಥದ್ದೊಂದರ ಕಾರ್ಬುರೇಟರ್ ಬಿಚ್ಚಿದಾಗ ನಮಗೆ ಗೊತ್ತಾಯ್ತು, ಅದು ಕೆಟ್ಟಿದ್ದೇ ರಿಪೇರಿಯಿಂದ! ಕಸ ಕಟ್ಟಿದ ಜೆಟ್ಟಿಗೆ ಯಾರೋ ಪಿನ್ನು ಚುಚ್ಚಿದ್ರು. ಹಿತ್ತಾಳೆ ಮೆದು; ತೂತು ಚೂರು ಅಗಲವಾದ್ರೂ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಪ್ಲಗ್ ಕಪ್ಪಾಗುತ್ತೆ, ಮೈಲೇಜ್ ಬೀಳುತ್ತೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆದಿದ್ರೆ ಸಾಕಿತ್ತು. ಕೊನೆಗೆ ಅದೇ ನಂಬರಿನ ಹೊಸ ಜೆಟ್ ಹಾಕಿದ್ವಿ.

2020ರ ಬಿಎಸ್-6 ನಿಯಮದ ನಂತರ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೆಚ್ಚೂಕಮ್ಮಿ ಮಾಯ. ‘ಇನ್ಯಾಕಪ್ಪಾ ಕಲೀಬೇಕು?’ ಅಂತೀರಾ? ಅಳತೆ ತಿಳಿಯದೆ ಕೈ ಹಾಕಿದ್ರೆ ಏನಾಗುತ್ತೆ ಅನ್ನೋದನ್ನ ನಮಗೆ ಕಲಿಸಿದ್ದು ಈ ಜೆಟ್ಟೇ. ನಮ್ಮ ವರ್ಕ್‌ಶಾಪಿಗೂ ಒಂದು ಹಳೇ ಕಾರ್ಬುರೇಟರ್ ತರಿಸಲಿ. ಬಿಚ್ಚಿ ಜೋಡಿಸಿದವರಿಗೇ ಮಾರ್ಕ್ಸ್ ಕೊಡಲಿ.