ದೂರದ ಓಟವೂ ಸಂಯಮವೂ

ಮಹಾನಗರದಲ್ಲಿ ಓಡದವರು ಯಾರು? ಲೋಕಲ್ ಗಾಡಿಯನ್ನು ಹಿಡಿಯಲು ಓಟ, ಹೊತ್ತಿಗೆ ಸರಿಯಾಗಿ ಕಚೇರಿ ಸೇರಲು ಓಟ, ಸಂಜೆ ಮನೆ ಮುಟ್ಟಲು ಮತ್ತೆ ಓಟ. ಇಷ್ಟೆಲ್ಲ ಓಡಿದರೂ ದೇಹಕ್ಕೆ ವ್ಯಾಯಾಮವೆಂಬುದು ದೊರೆಯದು. ಹಗಲಿನ ಬಹುಭಾಗ ಕುರ್ಚಿಯಲ್ಲಿಯೇ ಕಳೆದುಹೋಗುತ್ತದೆ. ಈ ಕೊರತೆಯನ್ನರಿತು, ನಡುವಯಸ್ಸಿನಲ್ಲಿ ನಿಜವಾದ ಓಟಕ್ಕೆ ಇಳಿದವರು ಮುಂಬಯಿಯಲ್ಲಿ ಅನೇಕರಿದ್ದಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಈ ಹವ್ಯಾಸಕ್ಕೆ ಇಂಬು ಕೊಟ್ಟಿತು. ಇದು ಸಂತೋಷದ ಸಂಗತಿಯೇ. ಆದರೆ ಆರೋಗ್ಯಕ್ಕಾಗಿ ಆರಂಭಿಸಿದ ಓಟವು ಕ್ರಮೇಣ ಪದಕಕ್ಕಾಗಿ ನಡೆಯುವ ಓಟವಾಗಿ ಮಾರ್ಪಡುವ ಅಪಾಯವೂ ಇದರೊಡನೆಯೇ ಬೆಳೆದು ಬಂದಿದೆ.

ಮುಲುಂಡಿನಲ್ಲಿ ನೆಲಸಿರುವ, ಐವತ್ತೆರಡು ವಯಸ್ಸಿನ ಕನ್ನಡಿಗ ಬ್ಯಾಂಕ್ ನೌಕರರೊಬ್ಬರ ಒಂದು ಋತುವಿನ ಅನುಭವ ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಜೂನ್ ತಿಂಗಳ ಮೊದಲ ಮಳೆಯೊಡನೆ ಅವರ ಅಭ್ಯಾಸ ಆರಂಭವಾಯಿತು. ಜನವರಿಯ ಅರ್ಧ ಮ್ಯಾರಥಾನ್, ಎಂದರೆ ಸುಮಾರು 21 ಕಿಲೋಮೀಟರುಗಳ ಓಟ, ಅವರ ಗುರಿ. ವಾರಕ್ಕೆ ಮೂರು ದಿನ ನಾಲ್ಕು ಕಿಲೋಮೀಟರು, ಅದರಲ್ಲಿಯೂ ಅರ್ಧ ನಡಿಗೆ. ಓಡಿದ ದೂರವನ್ನು ಅವರು ಪ್ರತಿದಿನವೂ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಆಗಸ್ಟ್ ಮುಗಿಯುವ ಹೊತ್ತಿಗೆ ಭಾನುವಾರದ ಓಟ ಹತ್ತು ಕಿಲೋಮೀಟರಿಗೆ ಮುಟ್ಟಿತ್ತು. ಏದುಸಿರು ನಿಂತಿತ್ತು, ನಿದ್ರೆ ಗಾಢವಾಗಿತ್ತು.

ಅಕ್ಟೋಬರಿನಲ್ಲಿ ಉತ್ಸಾಹವು ವಿವೇಕವನ್ನು ಮೀರಿತು. ಮೂರು ಭಾನುವಾರಗಳಲ್ಲಿ ಹನ್ನೆರಡರಿಂದ ಹದಿನಾರಕ್ಕೆ, ಹದಿನಾರರಿಂದ ಇಪ್ಪತ್ತಕ್ಕೆ ಏರಿದರು. ನಾಲ್ಕನೆಯ ವಾರ ಮೊಣಕಾಲ ಕೆಳಗಿನ ಮೂಳೆಯಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ನೋವು ಕಾಣಿಸಿಕೊಂಡಿತು. ವೈದ್ಯರು ಮೂರು ವಾರ ಓಡಕೂಡದೆಂದರು. ಕಾರಣ ಸರಳವಾದುದು. ಹೃದಯವೂ ಶ್ವಾಸಕೋಶಗಳೂ ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗುತ್ತವೆ. ಮೂಳೆಗೂ ಸ್ನಾಯುಬಂಧಗಳಿಗೂ ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಓಡು’ ಎನ್ನುತ್ತಿರುವಾಗಲೇ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡತೊಡಗಿರಬಹುದು. ದೇಹವು ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲಿನ ವಿಶ್ರಾಂತಿಯಲ್ಲಿ. ವಿಶ್ರಾಂತಿಯನ್ನು ಸೋಮಾರಿತನವೆಂದು ಬಗೆಯುವವರು ಈ ಮಾತನ್ನು ಮರೆಯುತ್ತಾರೆ.

ಮುಂಬಯಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೆಕೆಯೊಡನೆ ತೇವವೂ ಸೇರಿದಾಗ ಬೆವರು ಆರದು. ಬೆವರು ಆರದಿದ್ದರೆ ದೇಹದ ಕಾವು ಇಳಿಯದು. ತಂಪಾದ ಬೆಳಗಿನ ವೇಗವನ್ನೇ ಅಂಥ ದಿನವೂ ಸಾಧಿಸಲು ಹೊರಟರೆ ಹೃದಯಕ್ಕೆ ಹೆಚ್ಚಿನ ಹೊರೆ. ಹಾಗೆಂದು ಕೊಡಗಟ್ಟಲೆ ನೀರು ಕುಡಿಯುವುದೂ ಸಲ್ಲದು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಕಡಿಮೆಯಾಗಿತ್ತು. ಅತಿಯಾಗಿ ನೀರು ಕುಡಿದು ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚು. ಬಾಯಾರಿಕೆಯಾದಷ್ಟಕ್ಕೆ ಕುಡಿಯುವುದು ಲೇಸು.

ಡಿಸೆಂಬರಿನಲ್ಲಿ ಅವರು ಉಪನಗರದ ಹತ್ತು ಕಿಲೋಮೀಟರುಗಳ ಸ್ಪರ್ಧೆಯೊಂದನ್ನು ಒಂದು ಗಂಟೆ ನಾಲ್ಕು ನಿಮಿಷಗಳಲ್ಲಿ ಮುಗಿಸಿದರು. ನೋವು ಮರುಕಳಿಸಲಿಲ್ಲ. ಜನವರಿಯ ಓಟದ ಸಂಖ್ಯೆಯ ಚೀಟಿಯೂ ಕೈಸೇರಿತು. ಮೂರು ದಿನ ಉಳಿದಿರುವಾಗ ಮೈ ಕೈ ನೋವಿನೊಡನೆ ಜ್ವರ ಬಂತು. ಎರಡು ಗುಳಿಗೆ ನುಂಗಿ ಓಡಿಬಿಡಿ, ಏನೂ ಆಗದು ಎಂದು ಜೊತೆಯ ಓಟಗಾರರು ಧೈರ್ಯ ತುಂಬಿದರು. ವೈದ್ಯರು ಒಪ್ಪಲಿಲ್ಲ. ಇಂಥ ಸೋಂಕು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಗಲುವುದುಂಟು. ಆಗ ಕಠಿಣವಾಗಿ ದಣಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಗುಳಿಗೆ ಜ್ವರವನ್ನು ಮರೆಸೀತು, ಸೋಂಕನ್ನು ಓಡಿಸದು. ಆ ಭಾನುವಾರ ಬೆಳಗ್ಗೆ ಅವರು ಗಂಜಿ ಕುಡಿದು, ಟೆಲಿವಿಷನ್ನಿನಲ್ಲಿ ಇತರರ ಓಟವನ್ನು ನೋಡಿದರು.

ಮರುದಿನದಿಂದ ಒಂದೇ ಪ್ರಶ್ನೆ: “ಎಷ್ಟು ಹೊತ್ತಿನಲ್ಲಿ ಮುಗಿಸಿದಿರಿ?” ಓಡಲಿಲ್ಲವೆಂದು ಹೇಳಲು ಮೊದಲು ನಾಚಿಕೆಯಾಯಿತು. ಅನಂತರ ಒಂದು ರಾತ್ರಿ ದಿನಚರಿಯ ಹಾಳೆಗಳನ್ನು ಕೂಡಿಸಿ ನೋಡಿದರು. ಜೂನಿನಿಂದ ಜನವರಿಯವರೆಗೆ ಒಟ್ಟು 540 ಕಿಲೋಮೀಟರು. ತೂಕ ಆರು ಕಿಲೋ ಇಳಿದಿತ್ತು. ಓಡದೆ ಉಳಿದುದು ಕೇವಲ 21 ಕಿಲೋಮೀಟರು!

ಈ ಲೆಕ್ಕವೇ ಪ್ರತಿಯೊಬ್ಬ ಹವ್ಯಾಸಿ ಓಟಗಾರನ ಲೆಕ್ಕವೂ ಆಗಬೇಕು. ಆರೋಗ್ಯ ದೊರೆತದ್ದು ಎಂಟು ತಿಂಗಳ ಅಭ್ಯಾಸದಿಂದ. ಒಂದು ಭಾನುವಾರದ ಸ್ಪರ್ಧೆಯಿಂದಲ್ಲ. 42.195 ಕಿಲೋಮೀಟರೆಂಬ ಮ್ಯಾರಥಾನಿನ ಅಳತೆ 1908ರ ಲಂಡನ್ ಒಲಿಂಪಿಕ್ಸಿನ ಮಾರ್ಗದಿಂದ ಬಂದುದೇ ಹೊರತು ವೈದ್ಯಶಾಸ್ತ್ರದಿಂದ ಬಂದುದಲ್ಲ. 1978ರಲ್ಲಿ ಜಾಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿ, ದಶಕಗಳ ಕಾಲ ಅಳಿಯದ ರಾಷ್ಟ್ರೀಯ ದಾಖಲೆ ಬರೆದ ಶಿವನಾಥ ಸಿಂಗ್ ಅವರಂಥವರಿಗೆ ಗಡಿಯಾರ ಮುಖ್ಯ. ಸಂಸಾರವಂದಿಗ ನೌಕರನಿಗೆ ಸೋಮವಾರ ಬೆಳಗ್ಗೆ ಕ್ಷೇಮವಾಗಿ ಏಳುವುದು ಮುಖ್ಯ.

ಇದನ್ನು ಓದಿ ಓಟವೇ ಬೇಡವೆಂದು ಕೈಬಿಡುವುದೂ ತಪ್ಪು. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಹಾಗೂ ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯಸ್ತಂಭನಕ್ಕೆ ಒಳಗಾದವರು 59 ಮಂದಿ. ಕಾರಣ ತಿಳಿದುಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಹೃದ್ರೋಗವಿತ್ತು. ಭಾರತೀಯರಲ್ಲಿ ಹೃದಯದ ರಕ್ತನಾಳಗಳ ರೋಗ ಪಾಶ್ಚಾತ್ಯರಿಗಿಂತ ಬೇಗನೆ ತಲೆದೋರುವುದರಿಂದ, ನಲವತ್ತು ದಾಟಿದವರು, ಅದರಲ್ಲಿಯೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮನೆತನದಲ್ಲಿ ಹೃದ್ರೋಗವಿರುವವರು, ವೈದ್ಯರಿಗೆ ತೋರಿಸಿಕೊಂಡೇ ಓಟಕ್ಕೆ ಇಳಿಯಬೇಕು. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ಅಂತಿಮ ಗೆರೆ ನೂರು ಮಾರು ದೂರದಲ್ಲಿದ್ದರೂ ನಿಲ್ಲಬೇಕು.

ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡವರಿಗೆ ಛಲವೆಂಬುದು ರಕ್ತಗತ. ಹಿಂಜರಿಯುವುದು ಅವರಿಗೆ ಅವಮಾನವೆನಿಸುತ್ತದೆ. ಆದುದರಿಂದ ಸಂಘ ಸಂಸ್ಥೆಗಳೂ ನೆರೆಹೊರೆಯವರೂ ಓಟಗಾರನನ್ನು ಕೇಳುವ ಪ್ರಶ್ನೆಯನ್ನು ಕೊಂಚ ಬದಲಿಸಿಕೊಳ್ಳಬೇಕು. ಎಷ್ಟು ಹೊತ್ತಿನಲ್ಲಿ ಮುಗಿಸಿದಿರಿ ಎಂಬುದಕ್ಕೆ ಬದಲಾಗಿ, ಎಷ್ಟು ತಿಂಗಳಿಂದ ಬಿಡದೆ ಓಡುತ್ತಿದ್ದೀರಿ ಎಂದು ಕೇಳಬೇಕು. ಆ ಬ್ಯಾಂಕ್ ನೌಕರರು ಜ್ವರವಿಳಿದ ಮೇಲೆ ಎರಡು ವಾರ ಬರಿದೇ ನಡೆದರು. ಫೆಬ್ರವರಿಯಲ್ಲಿ ಮತ್ತೆ ನಾಲ್ಕು ಕಿಲೋಮೀಟರಿನಿಂದ, ಅರ್ಧ ನಡಿಗೆ ಅರ್ಧ ಓಟದಿಂದ, ಹೊಸ ದಿನಚರಿಯ ಮೊದಲ ಹಾಳೆಯನ್ನು ಆರಂಭಿಸಿದ್ದಾರೆ.