ತಂಡ ಹೋಯ್ತು, ಹೆಸರು ಉಳೀತು

ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಸಿಯಾಟಲ್‌ನಲ್ಲಿದ್ದೆ. ಬಸ್ಸಲ್ಲಿ, ಕಾಫಿ ಅಂಗಡೀಲಿ, ಎಲ್ಲಿ ನೋಡಿದರೂ ಹಸಿರು-ಹಳದಿ ಬಣ್ಣದ 'ಸಾನಿಕ್ಸ್' ಟೀ ಶರ್ಟುಗಳು. ಒಂದು ಮ್ಯಾಚ್ ನೋಡೋಣ ಅಂತ ಸಹೋದ್ಯೋಗಿಯ ಹತ್ತಿರ ಟಿಕೆಟ್ ವಿಚಾರಿಸಿದೆ. "ಆ ತಂಡ 2008ರಲ್ಲೇ ಊರು ಬಿಟ್ಟು ಹೋಯ್ತು" ಅಂದ. ನಾನು ಪೆಚ್ಚು!

ಆಮೇಲೆ ಕೆದಕುತ್ತಾ ಹೋದೆ. ಸಿಯಾಟಲ್ ಸೂಪರ್‌ಸಾನಿಕ್ಸ್ ಬಾಸ್ಕೆಟ್‌ಬಾಲ್ ತಂಡ ಹುಟ್ಟಿದ್ದು 1967ರಲ್ಲಿ. ಬೋಯಿಂಗ್ ಕಂಪನಿ ಆಗ ಶಬ್ದಕ್ಕಿಂತ ವೇಗದ ವಿಮಾನ ಕಟ್ಟಲು ಹೊರಟಿತ್ತು, ಹೆಸರು ಬಂದದ್ದು ಅಲ್ಲಿಂದ. ಆ ಯೋಜನೆ 1971ರಲ್ಲಿ ರದ್ದಾಯಿತು, ಹಾರಿದ್ದು ತಂಡ ಮಾತ್ರ. 1978ರ ಫೈನಲ್‌ನಲ್ಲಿ ವಾಷಿಂಗ್ಟನ್ ಬುಲೆಟ್ಸ್‌ಗೆ ಸೋತವರು, ಮರುವರ್ಷ ಅದೇ ಬುಲೆಟ್ಸನ್ನು ಸೋಲಿಸಿ ಎನ್‌ಬಿಎ ಚಾಂಪಿಯನ್ ಆದರು. 1996ರಲ್ಲಿ ಗ್ಯಾರಿ ಪೇಟನ್-ಶಾನ್ ಕೆಂಪ್ ಜೋಡಿ ತಂಡವನ್ನು ಮತ್ತೆ ಫೈನಲ್‌ಗೆ ಒಯ್ದಿತು. ಎದುರಿಗೆ ಮೈಕಲ್ ಜೋರ್ಡನ್‌ನ ಶಿಕಾಗೋ ಬುಲ್ಸ್. 4-2ರಲ್ಲಿ ಸೋತರು.

2001ರಲ್ಲಿ ಸ್ಟಾರ್‌ಬಕ್ಸ್‌ನ ಹೊವಾರ್ಡ್ ಶುಲ್ಟ್ಸ್ ನೇತೃತ್ವದ ಗುಂಪು ತಂಡವನ್ನು ಕೊಂಡಿತು. ಅರೀನಾ 1995ರಲ್ಲಷ್ಟೇ ನವೀಕರಣ ಆಗಿತ್ತು. ಅದು ಸಾಲದು, ಸಾರ್ವಜನಿಕರ ದುಡ್ಡಲ್ಲಿ ಮತ್ತೆ ದೊಡ್ಡದು ಮಾಡಿ ಅಂದರು. ಸಿಗಲಿಲ್ಲ. 2006ರಲ್ಲಿ ಒಕ್ಲಹೋಮ ಸಿಟಿಯ ಕ್ಲೇ ಬೆನೆಟ್ ಗುಂಪಿಗೆ 35 ಕೋಟಿ ಡಾಲರಿಗೆ ಮಾರಿಬಿಟ್ಟರು. ಹೊಸಬರು ಕೇಳಿದ್ದು 50 ಕೋಟಿ ಡಾಲರಿನ ಹೊಸ ಅರೀನಾ! ಅದೂ ಆಗಲಿಲ್ಲ. ಕೊನೇ ಸೀಸನ್‌ನಲ್ಲಿ ಹುಡುಗ ಕೆವಿನ್ ಡ್ಯುರಾಂಟ್ ಇದ್ದರೂ 82ರಲ್ಲಿ ಗೆದ್ದದ್ದು 20 ಪಂದ್ಯ. ನಗರಸಭೆ ಕೋರ್ಟಿಗೆ ಹೋಗಿ, ಕಡೆಗೆ 4.5 ಕೋಟಿ ಡಾಲರಿಗೆ ರಾಜಿಯಾಯಿತು. ಹೆಸರು, ಬಣ್ಣ ಸಿಯಾಟಲ್‌ಗೆ. ಆಟಗಾರರು ಒಕ್ಲಹೋಮಕ್ಕೆ.

ತಪ್ಪು ಯಾರದು? ಕೆಲವರು ಮತದಾರರನ್ನೇ ಬೈಯುತ್ತಾರೆ. ಲಾಭ ತರದಿದ್ದರೆ ವೃತ್ತಿಪರ ತಂಡಗಳಿಗೆ ನಗರದ ಹಣ ಹಾಕಬಾರದು ಅಂತ 2006ರ ನವೆಂಬರಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಮತ ಹಾಕಿದ್ದರು. ನನಗಂತೂ ಅವರು ಮಾಡಿದ್ದು ಸರಿ ಅನ್ನಿಸುತ್ತದೆ. ದುಡ್ಡು ಕೇಳುವಾಗ "ನಿಮ್ಮ ಊರಿನ ತಂಡ", ಮಾರುವಾಗ "ನಮ್ಮ ಆಸ್ತಿ" ಅನ್ನುವುದು ಯಾವ ನ್ಯಾಯ? ಊರಿನ ದುಡ್ಡು ಬೇಕಾದರೆ ಊರಿಗೂ ಪಾಲು ಕೊಡಲಿ, ಊರು ಬಿಡುವ ಮುಂಚೆ ಊರನ್ನೂ ಕೇಳಲಿ.

ಸಹೋದ್ಯೋಗಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ನಾನೂ ಹಾಗೇ ಮತ ಹಾಕಿದ್ದೆ. ಸರಿಯಾಗೇ ಹಾಕಿದೆ. ಆದರೆ ನನ್ನ ಮಗ ಒಂದೂ ಸಾನಿಕ್ಸ್ ಮ್ಯಾಚ್ ನೋಡಿಲ್ಲ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

2025ರ ಜೂನ್‌ನಲ್ಲಿ ನಮ್ಮ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತಲ್ಲ, ಅದೇ ತಿಂಗಳು ಒಕ್ಲಹೋಮ ಸಿಟಿ ಥಂಡರ್, ಅಂದರೆ ಅದೇ ಹಳೇ ಸಾನಿಕ್ಸ್, ಎನ್‌ಬಿಎ ಚಾಂಪಿಯನ್ ಆಯಿತು. ಹದಿನೆಂಟು ವರ್ಷ "ಈ ಸಲ ಕಪ್ ನಮ್ದೇ" ಅಂದ ನಮಗೆ, ಆ ಕಪ್ಪು ಬೇರೆ ಊರಿನ ಹೆಸರಲ್ಲಿ ಬಂದಿದ್ದರೆ ಹೇಗಿರುತ್ತಿತ್ತು? ನೀವೇ ಹೇಳಿ.